ಮಠದ ಬೀದಿಯ ಅಳತೆ

ಕಾಡಸಿದ್ದಪ್ಪ ಮೋಜಣಿ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಸರಪಳಿ ಎಳೆದವನು. ಮಧುಗಿರಿ, ಕೊರಟಗೆರೆ, ಪಾವಗಡದ ಹೊಲಗಳಲ್ಲಿ ಮೋಜಣಿದಾರರು ಅಳತೆ ಬರೆದುಕೊಳ್ಳುವಾಗ ಸರಪಳಿಯ ಒಂದು ತುದಿ ಹಿಡಿದು, ಕಳ್ಳಿ ಬೇಲಿಯೋ ಹಳ್ಳವೋ ಏನೇ ಅಡ್ಡ ಬಂದರೂ ನೇರ ನಡೆಯುವುದು ಅವನ ಕೆಲಸ. ಓದು ಬರಹ ಸಹಿ ಹಾಕುವಷ್ಟು ಮಾತ್ರ. ಆದರೆ ಒಮ್ಮೆ ಅಳೆದ ಜಾಗವನ್ನು ಅವನು ಮರೆಯುತ್ತಿರಲಿಲ್ಲ. ಬದುವಿನ ವಿಷಯಕ್ಕೆ ಜಗಳವಾಡುವವರು ಕರೆಸಿದರೆ ಯಾರ ಪರವೂ ಮಾತಾಡದೆ ಅಂಕಿ ಹೇಳಿ ಎದ್ದು ಬರುತ್ತಿದ್ದ. ಇದರಿಂದ ಅವನಿಗೆ ಮರ್ಯಾದೆ ಸಿಕ್ಕಿತ್ತು. ಗೆಳೆಯರು ಹೆಚ್ಚು ಸಿಕ್ಕಿರಲಿಲ್ಲ.

೧೯೩೪ರಲ್ಲಿ ನಿವೃತ್ತನಾಗಿ ಮಧುಗಿರಿ ಬೆಟ್ಟದ ಬುಡದಲ್ಲಿ ಮಠದ ಬೀದಿಯ ತನ್ನ ಮನೆಗೆ ಬಂದ. ಪಾಳೇಗಾರರ ಕಾಲದ ಬೀದಿ ಅದು. ಮೂವತ್ತನಾಲ್ಕು ಮನೆ, ಎರಡೂ ಕಡೆ ಕಲ್ಲಿನ ಜಗಲಿ, ನಡುವೆ ತಿರುವಿನಲ್ಲಿ ಸಿಹಿನೀರಿನ ಬಾವಿ. ಸಂಡಿಗೆ ಒಣಗಿಸುವುದು, ಬೇಸಿಗೆಯಲ್ಲಿ ಮಲಗುವುದು, ಸತ್ತವರನ್ನು ವಿಭೂತಿ ಹಚ್ಚಿ ಕೂರಿಸುವುದು ಎಲ್ಲವೂ ಆ ಜಗಲಿಗಳ ಮೇಲೆಯೇ.

ಆಗ ಕಡಲೆಕಾಯಿ ವ್ಯಾಪಾರ ಏರುತ್ತಿದ್ದ ಕಾಲ. ಪಾವಗಡದ ಕಡೆಯಿಂದ ಬಂದ ಬಂಡಿಗಳು ಪೇಟೆಯಲ್ಲಿ ಜಾಗವಿಲ್ಲದೆ ದಿನಗಟ್ಟಲೆ ಕಾಯುತ್ತಿದ್ದವು. ೧೯೩೬ರ ಮಾಗಿಯಲ್ಲಿ ಪುರಸಭೆಯ ತಮಟೆಯವನು ಬಂದು ಸಾರಿದ: ಮಠದ ಬೀದಿಯನ್ನು ಪೇಟೆಗೆ ಸೇರಿಸುವ ಆಲೋಚನೆಯಿದೆ, ಅಲ್ಲಿನ ಮನೆಗಳಲ್ಲಿ ಮಂಡಿ, ಗೋದಾಮು ಇಡಲು ಪರವಾನಗಿ ಕೊಡಲಾಗುವುದು, ಎರಡು ಬಂಡಿ ಎದುರುಬದುರು ಹೋಗುವಷ್ಟು ಬೀದಿ ಅಗಲವಿದೆ, ತಕರಾರಿದ್ದವರು ತಿಂಗಳೊಳಗೆ ಹೇಳಿಕೊಳ್ಳಬಹುದು.

ಕಾಡಸಿದ್ದಪ್ಪನ ಒಬ್ಬನೇ ಮಗ ಅಡವಯ್ಯ ಪೇಟೆಯಲ್ಲಿ ನಂದೀಶ್ವರಯ್ಯನ ಕಡಲೆಕಾಯಿ ಮಂಡಿಯಲ್ಲಿ ತೂಕ ಹಾಕುತ್ತಿದ್ದ. ಸುದ್ದಿ ಕೇಳಿ ಅವನಿಗೆ ಖುಷಿಯಾಯಿತು.

"ಮುಂದಿನ ಅಂಕಣ ನಮ್ಮ ಸಾವ್ಕಾರ್ರಿಗೆ ಕೊಟ್ಬುಡಾನ ಅಪ್ಪಯ್ಯ. ಮನೆ ಬಾಗಿಲಲ್ಲೇ ನಂಗೆ ಕೆಲಸ ಆಯ್ತದೆ."

"ಹೊಟ್ಟು ಹಾರಿ ಬಾವಿಗೆ ಬೀಳ್ತದೆ. ಎತ್ತಿನ ಗಂಜಳನೂ ಅಲ್ಲಿಗೇ ಹರೀತದೆ. ಮೂವತ್ನಾಕು ಮನೆಯೋರು ಕುಡಿಯೋ ನೀರು ಕಣ್ಲಾ."

"ಅಂಗಂತ ಊರು ಬೆಳೀಬಾರ್ದಾ?"

"ಬೆಳೀಲಿ. ಮಂಡಿ ಬೇಡ ಅಂದ್ನಾ ನಾನು? ಇಲ್ಲಿ ಬೇಡ ಅಂತಿವ್ನಿ."

ಮರುದಿನ ಬೆಳಗ್ಗೆ ಅವನು ಗಂಟು ಹಾಕಿದ ಹಗ್ಗ ಹಿಡಿದು ಬೀದಿ ಅಳೆದ. ಬೀದಿಯ ಬಾಯಲ್ಲಿ ಹದಿನೆಂಟು ಅಡಿ. ಬಾವಿಯ ತಿರುವಿನಲ್ಲಿ, ಕಟ್ಟೆಯಿಂದ ಎದುರಿನ ಜಗಲಿಗೆ ಹನ್ನೊಂದೂವರೆ. ಆಮೇಲೆ ಅರ್ಜಿ ಬರೆಸಿಕೊಂಡು ಮನೆ ಮನೆಗೆ ಹೋದ. ಹತ್ತೊಂಬತ್ತು ಮನೆಯವರು ಹೆಬ್ಬೆಟ್ಟು ಒತ್ತಿದರು ಅಥವಾ ಸಹಿ ಹಾಕಿದರು. ಉಳಿದವರಿಗೆ ಬಾಡಿಗೆಯ ಆಸೆ ಇತ್ತು, ಅದನ್ನು ಮುಚ್ಚಿಡಲೂ ಇಲ್ಲ. ಅವನು ಒತ್ತಾಯ ಮಾಡಲಿಲ್ಲ.

ವಿಚಾರಣೆಯ ದಿನ ಪುರಸಭೆಯ ಅಧ್ಯಕ್ಷರಾದ ಅಮಲ್ದಾರರು ನಡುವೆ ಕೂತಿದ್ದರು, ಪಕ್ಕದಲ್ಲಿ ಸದಸ್ಯರ ಸಾಲಿನಲ್ಲಿ ನಂದೀಶ್ವರಯ್ಯ. ಅವನೇನೂ ಕೆಟ್ಟವನಲ್ಲ. ಮಾತು ಶುರು ಮಾಡಿದವನು ಅವನೇ.

"ಸಿದ್ದಪ್ಪನೋರೆ, ರೈತ ಮೂವತ್ತು ಮೈಲಿಯಿಂದ ಬಂಡಿ ಹೂಡ್ಕಂಡು ಬತ್ತಾನೆ. ಮೂಟೆ ಇಳಿಸಾಕೆ ಅವ್ನಿಗೆ ಜಾಗ ಬೇಡ್ವಾ?"

"ಬೇಕು ಸಾವ್ಕಾರ್ರೆ. ಸಿರಾ ರಸ್ತೇಲಿ ಎರಡು ಎಕರೆ ಹತ್ತು ಗುಂಟೆ ಸರ್ಕಾರಿ ಖರಾಬು ಐತೆ. ನಾನೇ ಸರಪಳಿ ಹಿಡಿದಿದ್ದೆ. ಕಲ್ಲು ನೆಲ, ಪೈರು ಏಳಲ್ಲ. ಬಂಡಿ ನಿಲ್ಲಾಕೆ ಚೆಂದ."

"ಊರಾಚೆ ಸರಕು ಕಾಯೋರ್ಯಾರು?" ಎಂದ ಇನ್ನೊಬ್ಬ ಸದಸ್ಯ.

ಅಮಲ್ದಾರರು ನಕ್ಷೆ ನೋಡಿ, ಬೀದಿ ಹದಿನೆಂಟು ಅಡಿ ಇದೆಯಲ್ಲ ಎಂದರು.

"ಬೀದಿ ಬಾಯಲ್ಲಿ ಅದು ಸರಿ ಬುದ್ಧಿ. ಬಾವಿ ತಾವ ಹನ್ನೊಂದೂವರೆ. ಕಾಗದ ನೋಡಬೇಡಿ, ಸಂತೆ ದಿನ ಬಂದು ನಿಂತ್ಕಂಡು ನೋಡಿ."

ಅಮಲ್ದಾರರು ಒಪ್ಪಿದರು.

ಸಂತೆಯ ಹಿಂದಿನ ದಿನ ಕಾಡಸಿದ್ದಪ್ಪ ತನಗೆ ಗುರುತಿದ್ದ ಇಬ್ಬರು ಬಂಡಿಯವರನ್ನು ಕಂಡು, ಎಂಟು ಗಂಟೆಗೆ ಮೂಟೆ ತುಂಬಿದ ಬಂಡಿಗಳನ್ನು ಬೀದಿಯ ಎರಡೂ ಕಡೆಯಿಂದ ಬಿಡಲು ಹೇಳಿದ. ಈ ಮಾತನ್ನು ಬೀದಿಯಲ್ಲಿ ಯಾರಿಗೂ ತಿಳಿಸಲಿಲ್ಲ, ಹೆಂಡತಿ ಚನ್ನಮಲ್ಲಮ್ಮನಿಗೂ ಹೇಳಲಿಲ್ಲ. ತಿಳಿದರೆ ಹೆಂಗಸರು ಬಾವಿಯ ಕಡೆ ಬರುವುದಿಲ್ಲ, ಬೀದಿ ಇರುವುದಕ್ಕಿಂತ ಅಗಲವಾಗಿ ಕಾಣುತ್ತದೆ, ಅದು ಸರಿಯಾದ ಅಳತೆಯಲ್ಲ ಎಂಬುದು ಅವನ ಲೆಕ್ಕ.

ಬಂಡಿಗಳು ಹೇಳಿದ ಹೊತ್ತಿಗೆ ಬಂದವು. ಅಮಲ್ದಾರರು, ನಂದೀಶ್ವರಯ್ಯ, ಇನ್ನಿಬ್ಬರು ಜಗಲಿಯೊಂದರ ಮೇಲೆ ನಿಂತಿದ್ದರು. ತಿರುವಿನಲ್ಲಿ ಎರಡೂ ಬಂಡಿಗಳು ಮುಖಾಮುಖಿಯಾಗಿ ಕಚ್ಚಿಕೊಂಡವು. ಒಂದು ಬಂಡಿಯನ್ನು ಹಿಂದಕ್ಕೆ ಒತ್ತಿದಾಗ ಒದ್ದೆ ಚಪ್ಪಡಿಯ ಮೇಲೆ ಎತ್ತು ಜಾರಿತು, ಚಕ್ರ ಪಕ್ಕಕ್ಕೆ ಹೊರಳಿತು. ಅಲ್ಲಿ ಬಿಂದಿಗೆ ಹೊತ್ತು ದಾರಿಗಾಗಿ ಕಾಯುತ್ತಿದ್ದವಳು ಚನ್ನಮಲ್ಲಮ್ಮ. ಹಿಂದೆ ಸರಿಯಲು ಜಗಲಿ ಅಡ್ಡ. ಚಕ್ರ ಅವಳ ಬಲಗಾಲಿನ ಪಾದದ ಮೇಲೆ ಹಾಯಿತು.

ಆಕೆಯನ್ನು ಜಗಲಿಗೆ ಎತ್ತಿ ಕೂರಿಸಿದರು. ಡಾಕ್ಟರನ್ನು ಕರೆತರಲು ಓಡಿದವನು ನಂದೀಶ್ವರಯ್ಯ. ಕಾಡಸಿದ್ದಪ್ಪ ಹಗ್ಗವನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದ. ಅಮಲ್ದಾರರು ಅಲ್ಲೇ ಪುಸ್ತಕ ತೆಗೆದು ಬರೆದುಕೊಂಡರು.

ಎರಡು ತಿಂಗಳಿಗೆ ಆದೇಶ ಬಂತು. ಮಠದ ಬೀದಿ ವಾಸದ ಬೀದಿಯಾಗಿಯೇ ಇರತಕ್ಕದ್ದು, ಮಂಡಿಗೆ ಸಿರಾ ರಸ್ತೆಯ ಖರಾಬು ಜಮೀನನ್ನು ಪರಿಶೀಲಿಸತಕ್ಕದ್ದು. ಆ ಹೊತ್ತಿಗೆ ಚನ್ನಮಲ್ಲಮ್ಮನ ಮೂರು ಬೆರಳು ಹೋಗಿದ್ದವು. ಕೋಲಿಲ್ಲದೆ ನಡೆಯಲಾಗುತ್ತಿರಲಿಲ್ಲ.

ಬಂಡಿಗಳನ್ನು ಕರೆಸಿದವನು ಅಪ್ಪನೇ ಎಂಬುದು ಅಡವಯ್ಯನಿಗೆ ಬಂಡಿಯವರಿಂದಲೇ ತಿಳಿಯಿತು. ಅವನು ಮನೆಗೆ ಬಂದು ಅಪ್ಪನ ಎದುರು ನಿಂತ.

"ಒಂದು ಮಾತು ಹೇಳಿದ್ರೆ ಅವ್ವ ಒಳಗಿರೋಳು."

"ಹೌದು," ಎಂದ ಕಾಡಸಿದ್ದಪ್ಪ.

ಅಡವಯ್ಯ ಅವನೊಂದಿಗೆ ಮಾತು ಬಿಟ್ಟ. ಚನ್ನಮಲ್ಲಮ್ಮ ಒಂದೇ ಒಂದು ಸಲ ಆ ವಿಷಯ ಎತ್ತಿದ್ದು, ಗಾಯ ಮಾಗಿದ ಮೇಲೆ.

"ಆ ಹೊತ್ನಲ್ಲಿ ನೀರಿಗೆ ಹೋಗೋಳು ನಾನು ಅಂತ ನಿಮ್ಗೆ ಗೊತ್ತಿರ್ನಿಲ್ವಾ?"

"ಗೊತ್ತಿತ್ತು. ಯಾರಾನ ಹೆಂಗಸರು ಬರ್ಲಿ ಅಂತ್ಲೇ ಇತ್ತು. ನೀನು ಅಂತ ಯೋಚ್ನೆ ಬರ್ನಿಲ್ಲ."

"ಇನ್ನೊಬ್ರ ಮನೆಯೋಳಾದ್ರೆ ಪರವಾಗಿರ್ನಿಲ್ವಾ?"

ಮರುದಿನದಿಂದ ಕಾಡಸಿದ್ದಪ್ಪ ತಾನೇ ಬಿಂದಿಗೆ ತೆಗೆದುಕೊಂಡು ಬಾವಿಗೆ ಹೋದ. ಗಂಡಸು ನೀರು ಸೇದುವುದು ಆ ಬೀದಿಗೆ ಹೊಸದು. ಹೆಂಗಸರು ಮೊದಲು ಪಕ್ಕಕ್ಕೆ ಸರಿದು ನಗುತ್ತಿದ್ದರು, ಕೆಲವು ತಿಂಗಳಲ್ಲಿ ಅವನಿಗೂ ಸರದಿ ಕೊಟ್ಟರು. ಒಂಬತ್ತು ವರ್ಷ ದಿನಕ್ಕೆ ಆರು ಬಿಂದಿಗೆ ತಂದ. ಅರ್ಜಿಗೆ ಸಹಿ ಹಾಕದಿದ್ದ ಮನೆಯವರೂ ಅದೇ ಬಾವಿಯಲ್ಲಿ ಸೇದುತ್ತಿದ್ದರು; ಅವರ ಹತ್ತಿರ ಅವನು ಹಳೆಯ ಮಾತು ತೆಗೆಯಲಿಲ್ಲ.

ಸಿರಾ ರಸ್ತೆಯ ಮಂಡಿ ೧೯೩೮ರಲ್ಲಿ ಶುರುವಾಯಿತು. ಮೊದಲ ವರ್ಷ ಕಷ್ಟ, ಆಮೇಲೆ ಚೆನ್ನಾಗಿಯೇ ನಡೆಯಿತು. ನಂದೀಶ್ವರಯ್ಯ ಅಡವಯ್ಯನನ್ನು ಅಲ್ಲಿನ ಮೇಲ್ವಿಚಾರಣೆಗೆ ಹಾಕಿದ. ಅಡವಯ್ಯ ಮಂಡಿಯ ಹಿಂದೆಯೇ ಮನೆ ಕಟ್ಟಿಕೊಂಡು ಹೊರಟುಹೋದ. ಸಂತೆಯ ದಿನ ತಪ್ಪದೆ ಬಂದು ತಾಯಿಯ ಪಕ್ಕ ಕೂತು ಹೋಗುತ್ತಿದ್ದ. ಅಪ್ಪ ಆ ಹೊತ್ತಿಗೆ ಹಿತ್ತಲಿಗೆ ಹೋಗಿರುತ್ತಿದ್ದ.

ಯುದ್ಧದ ಕಾಲದಲ್ಲಿ ಒಬ್ಬ ದರ್ಜಿ ಬಂದು, ನಿಮ್ಮ ಜಗಲಿಯ ಮೂಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಳ್ಳಲೇ ಎಂದು ಕೇಳಿದ. ಕಾಡಸಿದ್ದಪ್ಪ ಅಕ್ಕಪಕ್ಕದ ಮನೆಗಳವರನ್ನು ಕೇಳಿ ಒಪ್ಪಿದ. ಅಂಗಡಿ ಬೇಡ ಎಂದವನು ಇವನನ್ನು ಹೇಗೆ ಕೂರಿಸಿದ ಎಂದು ಕೆಲವರು ಆಡಿಕೊಂಡರು. ಯಂತ್ರ ಎಷ್ಟು ಜಾಗ ಹಿಡಿಯುತ್ತದೆ ಎಂದು ಅವನು ಅವರಿಗೆ ಅಂಗುಲದಲ್ಲಿ ಹೇಳಿದ.

೧೯೪೫ರ ಆಷಾಢದಲ್ಲಿ ನಾಲ್ಕು ದಿನ ಜ್ವರ ಬಂದು ಕಾಡಸಿದ್ದಪ್ಪ ತೀರಿಕೊಂಡ. ಜಗಲಿಯ ಮೇಲೆ ಕೂರಿಸಿದರು. ಬೀದಿಯವರೆಲ್ಲ ಬಂದರು, ನಂದೀಶ್ವರಯ್ಯನೂ ಬಂದ. ಅಡವಯ್ಯ ಮಾಡಬೇಕಾದ್ದನ್ನೆಲ್ಲ ಮಾಡಿದ, ಅಳಲಿಲ್ಲ.

ತಿಂಗಳಾದ ಮೇಲೆ ತಾಯಿಯನ್ನು ತನ್ನ ಮನೆಗೆ ಕರೆದ. ಈ ಬೀದಿ ಬಿಟ್ಟು ಆಕೆ ಬರಲಾರಳು ಎಂದೇ ನೆರೆಯವರು ಎಣಿಸಿದ್ದರು. ಚನ್ನಮಲ್ಲಮ್ಮ ಅರ್ಧ ದಿನದಲ್ಲಿ ಗಂಟು ಕಟ್ಟಿಕೊಂಡು ಹೊರಟಳು.

"ಅಲ್ಲಿ ಬಾವಿ ಹಿತ್ಲಾಗೇ ಐತಂತೆ," ಎಂದಳು.