ಸೂರ್ಯ ತಡವಾಗಿ ಏಳುವ ಊರಿನಲ್ಲಿ ಅತ್ತಿಗೆ

ರಾತ್ರಿ ನೆನೆಹಾಕಿದ ಬಟ್ಟೆಯನ್ನು ಸೋಪಿನ ನೀರಿನಿಂದೆತ್ತಿ ಒಗೆದು ಹಿಂಡುವುದು. ಗೇಟಿಗೆ ಸಿಕ್ಕಿಸಿಹೋದ ಹಾಲಿನ ಪ್ಯಾಕೆಟ್ಟನ್ನು ಬೆಕ್ಕಿಗಿಂತ ಮೊದಲು ಹೋಗಿ ತರುವುದು. ನೀರಿನ ಮೋಟಾರು ಹಾಕಿ, ಮೇಲಿನ ಟ್ಯಾಂಕು ತುಂಬಿ ಸುರಿಯುವ ಸದ್ದಿಗೆ ಒಂದು ಕಿವಿ ಕೊಟ್ಟಿರುವುದು. ಅತ್ತೆಯ ಮಂಡಿಗೆ ಹಚ್ಚುವ ಎಣ್ಣೆ ಬಿಸಿ ಮಾಡುವುದು. ಗಂಡನ ಅಂಗಿಗೆ ಇಸ್ತ್ರಿ. ಪೆಟ್ಟಿಗೆ ಹೇಗೂ ಕಾದಿದೆಯಲ್ಲ, ಮೈದುನನ ಅಂಗಿಗೂ ಇಸ್ತ್ರಿ. ಮೂವರ ಊಟದ ಡಬ್ಬಿ. ಹಿಂದಿನ ರಾತ್ರಿ ಯಾರೋ ಟೀ ಕುಡಿದು ಎಲ್ಲೋ ಇಟ್ಟ ಲೋಟವನ್ನು ಕತ್ತಲಲ್ಲೇ ಹುಡುಕಿ ತೊಳೆಯುವುದು. ಇಷ್ಟೂ ಆದಮೇಲೆ ಬೆಳಕು ಹರಿಯುತ್ತದೆ. ಅತ್ತೆ ಎದ್ದು ಕೂತು ಒಳಗಿನಿಂದ ಕೂಗುತ್ತಾರೆ: "ಎದ್ಯೇನಮ್ಮಾ?"

"ಎದ್ದೆ ಅತ್ತೆ" ಅನ್ನುತ್ತಾಳೆ ಅವಳು, ಈಗಷ್ಟೇ ಕಣ್ಣು ಬಿಟ್ಟವಳ ಹಾಗೆ.

ಆ ಮನೆಯಲ್ಲೂ ಆ ಬೀದಿಯಲ್ಲೂ ಅವಳು ಎಲ್ಲರಿಗೂ ಅತ್ತಿಗೆ. ಮೊದಲು ಹಾಗೆ ಕರೆದವನು ಮೈದುನ. ಅವನಿಂದ ಅವನ ಗೆಳೆಯರು ಕಲಿತರು, ಗೆಳೆಯರಿಂದ ಹಾಲಿನವನು, ಹಾಲಿನವನಿಂದ ಗ್ಯಾಸ್ ಸಿಲಿಂಡರ್ ತರುವವನು. ಗಂಡ ಮಾತ್ರ "ಇವಳೇ" ಅನ್ನುತ್ತಿದ್ದ. ಹತ್ತನೇ ತರಗತಿ ಮುಗಿದ ಬೇಸಿಗೆಯಲ್ಲಿ ಮದುವೆಯಾಗಿ ಬಂದವಳಿಗೆ ಈಗ ಮದುವೆಯಾಗಿ ಹೋದ ಮಗಳಿದ್ದಾಳೆ. ಅಣ್ಣತಮ್ಮಂದಿರಿಬ್ಬರೂ ಸೇರಿ ಚಪ್ಪಲಿ ಅಂಗಡಿ ನಡೆಸುತ್ತಾರೆ. ಮೈದುನನ ಹೆಂಡತಿ, ಅಂದರೆ ಅತ್ತಿಗೆಯ ಓರಗಿತ್ತಿ, ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುತ್ತಾಳೆ.

ಓರಗಿತ್ತಿಯೊಬ್ಬಳೇ ಅವಳನ್ನು "ಅಕ್ಕ" ಅನ್ನುವವಳು. ಮನಸ್ಸಿನ ಮಾತು ಹೇಳಿದ್ದೂ ಅವಳ ಹತ್ತಿರವೇ, ಮಹಡಿಯ ಮೇಲೆ ಬಟ್ಟೆ ಹರವುತ್ತಾ.

"ಒಂದೇ ಒಂದು ದಿನ ಬೆಳಕು ಬಂದು ನನ್ನನ್ನ ಎಬ್ಬಿಸಬೇಕು ನೋಡು. ದಿನಾ ನಾನೇ ಬೆಳಕನ್ನ ಎಬ್ಬಿಸಿ ಎಬ್ಬಿಸಿ ಸಾಕಾಗಿದೆ."

ಓರಗಿತ್ತಿ ನಕ್ಕಳು. ಆದರೆ ಮಾತು ಎಲ್ಲೋ ಕೂತಿತ್ತು. ಚಳಿಗಾಲದಲ್ಲಿ ಅವಳಿಗೆ ಉತ್ತರದ ಊರೊಂದರಲ್ಲಿ ಹೊಸ ಯಂತ್ರದ ಮೇಲೆ ಒಂದು ವಾರ ತರಬೇತಿ ಬಂತು. ಹೋಟೆಲಿನ ಕೋಣೆಯ ಖರ್ಚು ಆಸ್ಪತ್ರೆಯದೇ, ಎರಡು ಮಂಚ ಇರುತ್ತವಂತೆ. ರಾತ್ರಿ ಊಟಕ್ಕೆ ಕೂತಾಗ ಅವಳು ಮುಖ ಸಪ್ಪೆ ಮಾಡಿಕೊಂಡು ಹೇಳಿದಳು: "ನನಗೆ ಒಬ್ಬಳೇ ಮಲಗೋಕೆ ಭಯ. ಅಕ್ಕ ಬಂದ್ರೆ ಹೋಗ್ತೀನಿ, ಇಲ್ಲಾಂದ್ರೆ ತರಬೇತಿಯೇ ಬೇಡ."

ದಿನವಿಡೀ ಊರವರ ತೋಳಿಗೆ ಸೂಜಿ ಚುಚ್ಚುವವಳಿಗೆ ಒಬ್ಬಳೇ ಮಲಗೋಕೆ ಭಯ! ಅತ್ತೆ ಮೂಗಿನ ಮೇಲೆ ಬೆರಳಿಟ್ಟರು. "ಮಲಗೋಕೆ ಅಂತ ಅಷ್ಟು ದೂರ ಹೋಟೆಲ್ಲಿಗೆ ಹೋಗ್ತಾರಾ ಯಾರಾದ್ರೂ? ಮನೇಲಿ ಹಾಸಿಗೆ ಇಲ್ವಾ?" ಆದರೂ ಸಂಬಳ ತರುವವಳ ಭಯಕ್ಕೆ ಬೆಲೆ ಉಂಟು. ಅತ್ತಿಗೆಯ ಆಸೆಯನ್ನು ಯಾರೂ ಕೇಳಲಿಲ್ಲ, ಓರಗಿತ್ತಿಯ ಭಯವನ್ನು ಎಲ್ಲರೂ ಒಪ್ಪಿದರು. ಅತ್ತಿಗೆ ರೈಲು ಹತ್ತಿದ್ದು ಹೀಗೆ, ಇನ್ನೊಬ್ಬಳ ಸುಳ್ಳಿನ ಕೈಹಿಡಿದುಕೊಂಡು.

ಹೋಟೆಲು ಹಳೆಯದು, ಕಲ್ಲಿನದು. ಮೆಟ್ಟಿಲುಗಳ ಮೇಲೆ ಕೆಂಪು ಜಮಖಾನೆ ಸವೆದು, ಕಾಲಿಡುವ ಜಾಗದಲ್ಲಿ ಬಿಳಿಚಿಕೊಂಡಿತ್ತು. ಕೋಣೆಯ ಗೋಡೆಗಂಟಿದ ಕಬ್ಬಿಣದ ಕೊಳವೆಗಳಲ್ಲಿ ಬಿಸಿನೀರು ಓಡಾಡುತ್ತಿತ್ತು. ಅತ್ತಿಗೆ ಅಂಗೈ ಇಟ್ಟು ನೋಡಿದಳು. "ಗೋಡೆಗೆ ಜ್ವರ ಬಂದಿದೆ" ಅಂದಳು.

ಸುಖಕ್ಕೇನು ಕಡಿಮೆ ಇರಲಿಲ್ಲ. ಹಾಸಿಗೆ ಹಿಟ್ಟು ನಾದಿಟ್ಟ ಹಾಗೆ ಮೆತ್ತಗಿತ್ತು. ಟವೆಲುಗಳಿಗೆ ಬಿಸಿಲಿನ ವಾಸನೆ ಇರಲಿಲ್ಲ, ಆದರೆ ಅವನ್ನು ತಾನು ಒಗೆದಿಲ್ಲ ಅನ್ನುವುದೇ ಒಂದು ಪರಿಮಳ. ಬೆಳಗಿನ ತಿಂಡಿಯ ಕೋಣೆಯಲ್ಲಿ ಯಾರೋ ಬಂದು ಟೀ ಬಗ್ಗಿಸಿ, "ಇನ್ನೇನಾದ್ರೂ ಬೇಕಾ ಮೇಡಂ?" ಎಂದು ಕೇಳಿದಾಗ ಅತ್ತಿಗೆ ತಿರುಗಿ ಹಿಂದೆ ನೋಡಿದಳು, ಮೇಡಂ ಯಾರಿರಬಹುದೆಂದು.

ಕಿರಿಕಿರಿಗೂ ಕಡಿಮೆ ಇರಲಿಲ್ಲ. ಕಿಟಕಿ ತೆರೆಯುವ ಹಾಗೇ ಇಲ್ಲ, ಗಾಜಿನ ಮೇಲೆ ಗಾಜು. ಹೊದಿಕೆಯ ಅಂಚನ್ನು ಹಾಸಿಗೆಯ ಕೆಳಗೆ ಎಷ್ಟು ಬಿಗಿಯಾಗಿ ಸಿಕ್ಕಿಸುತ್ತಿದ್ದರೆಂದರೆ ಒಳಗೆ ನುಸುಳಿದವಳು ಅಂಚೆಗೆ ಹಾಕಿದ ಲಕೋಟೆಯಾಗುತ್ತಿದ್ದಳು. ಸ್ನಾನದ ನಲ್ಲಿಯನ್ನು ಕೂದಲೆಳೆಯಷ್ಟು ಈಚೆ ತಿರುಗಿಸಿದರೆ ಕುದಿನೀರು, ಆಚೆ ತಿರುಗಿಸಿದರೆ ಮಂಜುಗಡ್ಡೆ. "ಇದರ ಜೊತೆ ಸಂಸಾರ ಮಾಡೋಕೆ ಒಂದು ಜನ್ಮ ಸಾಲದು. ನಿನ್ನ ಭಾವನಾದ್ರೆ ಎರಡು ವರ್ಷಕ್ಕೆ ಅರ್ಥ ಆದ್ರು" ಎಂದು ಒದ್ದೆ ತಲೆಯಲ್ಲಿ ಈಚೆ ಬಂದಳು. ಬಾಗಿಲ ಪಕ್ಕದ ಸೀಳಿನಲ್ಲಿ ಕೀಲಿಯ ಕಾರ್ಡು ಇಟ್ಟರೆ ಮಾತ್ರ ಕರೆಂಟು. ಸುಮ್ಮನೆ ದೀಪ ಉರಿಯುತ್ತದಲ್ಲ ಎಂದು ಅತ್ತಿಗೆ ಕಾರ್ಡನ್ನು ಕಿತ್ತಿಟ್ಟಳು. ಓರಗಿತ್ತಿಯ ಫೋನು ರಾತ್ರಿಯೆಲ್ಲ ಚಾರ್ಜಾಗದೆ ಸತ್ತಿತು.

ಎಲ್ಲಕ್ಕಿಂತ ದೊಡ್ಡ ಕಿರಿಕಿರಿ ಅವಳದೇ ಮೈ. ಮೊದಲ ದಿನವೇ ಕತ್ತಲಲ್ಲಿ, ಮೋಟಾರು ಹಾಕುವ ಹೊತ್ತಿಗೆ ಸರಿಯಾಗಿ, ಕಣ್ಣು ಬಿಟ್ಟುಕೊಂಡಿತು. ಮೋಟಾರಿಲ್ಲ, ಹಾಲಿಲ್ಲ, ಎಣ್ಣೆಯಿಲ್ಲ. ಕೈಗಳು ಹೊದಿಕೆಯ ಮೇಲೆ ಬಿದ್ದುಕೊಂಡು ಮುಂದೇನು ಎಂದು ಕೇಳುತ್ತಿದ್ದವು. ಎದ್ದಳು. ತನ್ನ ಹಾಸಿಗೆ ಸರಿಮಾಡಿದಳು. ಓರಗಿತ್ತಿ ಏಳುತ್ತಲೇ ಅವಳದನ್ನೂ ಮಾಡಿದಳು, ಒಂದು ಸುಕ್ಕಿಲ್ಲದ ಹಾಗೆ. ಕನ್ನಡಿ ಒರೆಸಿದಳು. ಬಳಸಿದ ಟವೆಲುಗಳನ್ನು ತೊಟ್ಟಿಯಲ್ಲಿ ಜಾಲಾಡಿಸಿ, ಹಿಂಡಿ, ಬಿಸಿ ಕೊಳವೆಗಳ ಮೇಲೆ ಹರವಿದಳು. ಆಮೇಲೆ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಬೆಳಕಿಗಾಗಿ ಕಾದಳು. ಬೆಳಕು ಬರಲೇ ಇಲ್ಲ. ಕೆಳಗೆ ಬೀದಿದೀಪದ ಸುತ್ತ ಹಿಮ ಸಣ್ಣಗೆ ಉದುರುತ್ತಿತ್ತು, ಯಾರೋ ಮೇಲೆ ಕೂತು ಹತ್ತಿ ಹಿಂಜುತ್ತಿರುವ ಹಾಗೆ. ಓರಗಿತ್ತಿ ಸ್ನಾನ ಮುಗಿಸಿ, ತಲೆ ಬಾಚಿ, ಕೋಟು ತೊಟ್ಟರೂ ಹೊರಗೆ ಕತ್ತಲೆಯೇ.

"ಇಲ್ಲಿ ಚಳಿಗಾಲದಲ್ಲಿ ಹೀಗೇ ಅಕ್ಕ. ಸೂರ್ಯ ತುಂಬಾ ತಡ."

"ಹಾಗಾದ್ರೆ ಇಲ್ಲಿ ಸೂರ್ಯನೂ ಗಂಡಸೇ. ಎಲ್ಲಾ ಕೆಲಸ ಮುಗಿದ ಮೇಲೆ ಏಳ್ತಾನೆ."

ಓರಗಿತ್ತಿ ತರಬೇತಿಗೆ ಹೋದಮೇಲೆ ಅತ್ತಿಗೆ ಒಬ್ಬಳೇ. ಅಷ್ಟು ಹೊತ್ತು ಒಬ್ಬಳೇ ಇದ್ದು ಅವಳಿಗೆ ಅಭ್ಯಾಸವಿರಲಿಲ್ಲ. ಮೂಲೆಯ ಬ್ರೆಡ್ಡಿನ ಅಂಗಡಿಯವರೆಗೆ ಚೀಲವಿಲ್ಲದೆ ಹೋದಳು. ಖಾಲಿ ಕೈಗಳು ಎರಡು ಬದಿಗೂ ತೂಗಾಡಿ ಯಾರದೋ ಕೈಗಳಂತಿದ್ದವು. ಮಧ್ಯಾಹ್ನ ಕುರ್ಚಿಯಲ್ಲೇ ಜೊಂಪು ಹತ್ತಿ ಕನಸು ಬಿತ್ತು. ಅವರ ಮನೆ ನೀರಿನ ಮೇಲೆ ಮೆಲ್ಲಗೆ ತೇಲಿ ಹೋಗುತ್ತಿದೆ, ಕಿಟಕಿಕಿಟಕಿಯಲ್ಲೂ ತೊಳೆಯದ ಲೋಟಗಳು, ಅತ್ತಿಗೆ ದಡದಲ್ಲಿ ಕೂತು ಕಾಲು ನೀರಿಗೆ ಇಳಿಬಿಟ್ಟಿದ್ದಾಳೆ. ಹಿಡಿಯಬೇಕು ಅನ್ನಿಸಲಿಲ್ಲ. ಎಚ್ಚರವಾದಾಗ ಗಾಬರಿಯಾಗಿದ್ದು ಅದಕ್ಕೇ.

ಮನೆಯಿಂದ ಫೋನುಗಳು ಬರುತ್ತಲೇ ಇದ್ದವು.

"ಇವಳೇ, ಮೋಟಾರಿನ ಸ್ವಿಚ್ಚು ಯಾವುದು?"

"ಅತ್ತಿಗೆ, ಟೀ ಸೋಸೋದು ಎಲ್ಲಿಟ್ಟಿದೀರಿ?"

"ಕೈ ಹಾಕಿದ್ರೆ ಸಿಗೋ ಜಾಗದಲ್ಲೇ ಇದೆ" ಅಂದಳು ಮೈದುನನಿಗೆ.

"ಯಾರ ಕೈ ಅತ್ತಿಗೆ?" ಎಂದು ಅವನೇ ನಕ್ಕ. ತಮಾಷೆಗೆ ಹೇಳಿದ್ದರೂ ಹೇಳಿದ್ದು ನಿಜವೇ.

ಮೂರನೆಯ ದಿನ ಕೋಣೆ ಸ್ವಚ್ಛಮಾಡುವಾಕೆ ಬಾಗಿಲು ತಟ್ಟಿ ಒಳಗೆ ಬಂದವಳು ಕೆಲಸಕ್ಕೆ ಕೈಹಾಕದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಅತ್ತಿಗೆಯದೇ ವಯಸ್ಸು, ನೀಲಿ ಅಂಗಿ, ಬ್ಲೀಚಿಗೆ ಬಿಳಿಚಿದ ಬೆರಳುಗಳು.

"ಮೇಡಂ, ಒಂದು ಮಾತು ಹೇಳ್ಲಾ? ನಿಮ್ಮಿಂದ ನನಗೆ ಬೈಗುಳ."

"ಅಯ್ಯೋ, ನಾನೇನು ಮಾಡಿದೆ?"

"ಎಲ್ಲಾ ನೀವೇ ಮಾಡಿದ್ರಿ, ಅದೇ ತೊಂದ್ರೆ. ನಮ್ಮ ಮೇಲ್ವಿಚಾರಕಿ ನಿನ್ನೆ ಕೋಣೆ ನೋಡೋಕೆ ಬಂದ್ಳು. ಕೊಳವೆ ಮೇಲೆ ಒದ್ದೆ ಟವೆಲು. ಲಾಂಡ್ರಿಗೆ ಕಳಿಸದೆ ಇಲ್ಲೇ ಜಾಲಾಡಿಸಿ ಮತ್ತೆ ಇಡ್ತೀಯಾ ಅಂದ್ಳು. ಹಾಸಿಗೆ ಮೂಲೆ ನಮ್ಮ ಹೋಟೆಲಿನ ಮಡಿಕೆ ಅಲ್ಲ. ಚಾದರ ಬದಲಾಯಿಸದೆ ಮೇಲೆಮೇಲೆ ಸವರಿ ಹೋಗಿದೀಯ ಅಂದ್ಳು."

ಅತ್ತಿಗೆಯ ಮುಖ ಕೆಂಪಾಯಿತು. "ನಡೀರಿ, ನಾನೇ ಬಂದು ಹೇಳ್ತೀನಿ."

"ಏನಂತ? ಹೋಟೆಲಿಗೆ ಬಂದೋಳು ಕೂತು ಟವೆಲು ಒಗೆದೆ ಅಂತ? ನನ್ನ ಜೊತೆ ನಿಮಗೂ ಹುಚ್ಚು ಅಂತಾರೆ." ಆಕೆ ನಗುತ್ತಾ ಕೊಳವೆಯ ಮೇಲಿನ ಟವೆಲುಗಳನ್ನು ತೆಗೆದು ಚೀಲಕ್ಕೆ ಹಾಕಿದಳು. "ನೀವು ಮಲಗಬೇಕು ಅಕ್ಕ. ಮಲಗಿದ ಹಾಗೆ ಕಾಣಬೇಕು. ಹಾಸಿಗೆ ಕೆದರಿ ಬಿಡಿ, ದಿಂಬು ನೆಲಕ್ಕೆ ಬಿಸಾಡಿ. ಗಂಡಸರು ಹೇಗೆ ಬಿಟ್ಟು ಹೋಗ್ತಾರೆ, ನೋಡಿಲ್ವಾ?"

"ದಿನಾ ನೋಡ್ತೀನಿ. ಕಲಿಯೋಕೆ ಆಗಿಲ್ಲ."

ಇಬ್ಬರೂ ನಕ್ಕರು. "ನಿಮ್ಮ ಮನೇಲಿ ಯಾರು ಮಾಡ್ತಾರೆ?" ಅತ್ತಿಗೆ ಕೇಳಿದಳು.

"ಇಲ್ಲಿಗೆ ಬರೋಕೆ ಮೊದಲೇ ಅಡುಗೆ, ಪಾತ್ರೆ ಎಲ್ಲಾ ನಂದೇ. ನನ್ನ ಹಾಸಿಗೆ ಮಾತ್ರ ಮುಟ್ಟೋದಿಲ್ಲ. ಊರವರದೆಲ್ಲ ಸರಿಮಾಡಿ ಸಂಜೆ ಹೋದ್ರೆ, ನಂದು ಬೆಳಿಗ್ಗೆ ಬಿಟ್ಟ ಹಾಗೇ ಬಾಯಿ ತೆರೆದುಕೊಂಡು ಕಾಯ್ತಾ ಇರುತ್ತೆ. ನೇರ ಒಳಗೆ ಹೋಗ್ಬಿಡ್ತೀನಿ." ಆಮೇಲೆ ಬಾಗಿಲ ಹಿಡಿಕೆಗೆ ಒಳಗಡೆ ನೇತಾಡುತ್ತಿದ್ದ ಕೆಂಪು ಕಾರ್ಡನ್ನು ತೋರಿಸಿದಳು. "ಇದು ಗೊತ್ತಾ? 'ತೊಂದರೆ ಕೊಡಬೇಡಿ' ಅಂತ. ಹೊರಗೆ ಹಾಕಿದ್ರೆ ನಾನು ಒಳಗೆ ಬರೋ ಹಾಗೇ ಇಲ್ಲ. ಯಾರೂ ಬರೋ ಹಾಗಿಲ್ಲ. ನನಗೂ ಒಂದು ಕೋಣೆ ಕಮ್ಮಿ, ಆ ಹೊತ್ತು ಚಾದರ ಇಡೋ ಕೋಣೇಲಿ ಕಾಲು ಚಾಚಿ ಕೂರ್ತೀನಿ."

ಒಂದು ಚೂರು ರಟ್ಟು. ಮನೆಯ ಯಾವ ಬಾಗಿಲಿಗೂ ಇಂಥದೊಂದು ಇಲ್ಲವಲ್ಲ ಎಂದು ಅತ್ತಿಗೆ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

ಆ ಸಂಜೆ ಗಂಡನ ಫೋನು ಬಂತು. ಈ ಸಲ ಪ್ರಶ್ನೆಯಲ್ಲ.

"ಇವಳೇ, ನಾಳೆ ಬೆಳಗಿನ ರೈಲಿಗೆ ಟಿಕೆಟ್ ಮಾಡಿಸಿದೀನಿ, ನಿನ್ನ ಫೋನಿಗೆ ಬಂದಿರುತ್ತೆ. ಬಂದ್ಬಿಡು. ಅಮ್ಮನ ಮಂಡಿ ತುಂಬಾ ನೋವಂತೆ."

"ಎಣ್ಣೆ ಹಚ್ಚಿದ್ರಾ?"

"ಯಾರು?"

"ಅವರು ನಿಮ್ಮಮ್ಮ ತಾನೇ" ಅಂದಳು ಅತ್ತಿಗೆ, ಮೆಲ್ಲಗೆ.

"ಏನಂದೆ?"

"ಎಣ್ಣೆ ಬಾಟಲಿ ಅಡುಗೆಮನೆ ಕಿಟಕಿ ಹತ್ತಿರ ಇದೆ ಅಂದೆ."

ಫೋನು ಅತ್ತೆಯ ಕೈಗೆ ಹೋಯಿತು. ಅತ್ತೆ ಮಂಡಿಯ ಸುದ್ದಿ ಎತ್ತಲಿಲ್ಲ. "ಅಲ್ಲಿ ಬಿಸಿನೀರು ಬರುತ್ತಾ?" ಕೇಳಿದರು.

"ಬರುತ್ತೆ ಅತ್ತೆ."

"ಹಾಸಿಗೆ?"

"ಮೆತ್ತಗಿದೆ."

"ಹೂಂ" ಅಂದರು ಅತ್ತೆ. ಆಮೇಲೆ, "ನಾನು ಒಂದಿನಾನೂ ಹೋಟೆಲಲ್ಲಿ ಮಲಗಿಲ್ಲ" ಅಂದು ಫೋನು ಇಟ್ಟರು. ಅದು ಬೈಗುಳವೋ, ಆಸೆಯೋ, ಅಪ್ಪಣೆಯೋ ಅತ್ತಿಗೆಗೆ ತಿಳಿಯಲಿಲ್ಲ.

ಓರಗಿತ್ತಿಗೆ ತರಬೇತಿಯಲ್ಲಿ ಅವತ್ತು ರಾತ್ರಿ ಪಾಳಿ. ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಎಲ್ಲ ಕೇಳಿಸಿಕೊಂಡಳು.

"ನೀನು ಹೇಳು, ಏನು ಮಾಡ್ಲಿ?" ಅಂದಳು ಅತ್ತಿಗೆ. "ಇನ್ನೊಂದ್ಸಲ ನಿನಗೆ ಭಯ ಅಂತ ಹೇಳಿಬಿಡ್ತೀಯಾ?"

"ಇಲ್ಲ ಅಕ್ಕ. ನನ್ನ ಭಯ ನಿನ್ನನ್ನ ಇಲ್ಲಿವರೆಗೆ ಕರ್ಕೊಂಡು ಬಂತು. ಇನ್ನು ಮುಂದಕ್ಕೆ ಅದನ್ನ ಎಳೀಬೇಡ. ಹೋಗೋದಾದ್ರೆ ಹೋಗು, ನಾನೇನೂ ಅಂದ್ಕೊಳ್ಳಲ್ಲ. ಇರೋದಾದ್ರೆ ನಿನ್ನ ಬಾಯಲ್ಲೇ ಹೇಳಿ ಇರು." ಬಾಗಿಲಲ್ಲಿ ತಿರುಗಿ ನಿಂತು ಸೇರಿಸಿದಳು: "ಒಬ್ಬಳೇ ಮಲಗೋಕೆ ಭಯ ಇಲ್ಲ ತಾನೇ?"

"ಹೋಗೇ, ತಲೆಹರಟೆ!"

ಭಯವೇನೂ ಇರಲಿಲ್ಲ. ಆದರೆ ಹುಟ್ಟಿದಾಗಿನಿಂದ ಅವಳು ಒಂದು ಕೋಣೆಯಲ್ಲಿ ಒಬ್ಬಳೇ ಮಲಗಿದವಳಲ್ಲ. ಅಜ್ಜಿಯ ಪಕ್ಕ, ತಂಗಿಯರ ನಡುವೆ, ಗಂಡನ ಗೊರಕೆಯ ಅಂಚಿನಲ್ಲಿ, ಬಾಣಂತಿಯಾಗಿ ಮಗುವಿನ ಬಳಿ, ಆಸ್ಪತ್ರೆಯಲ್ಲಿ ಮಾವನ ಮಂಚದ ಕೆಳಗೆ. ಬಟ್ಟೆಯನ್ನೆಲ್ಲ ಚೀಲಕ್ಕೆ ತುಂಬಿ, ಚೀಲವನ್ನು ಬಾಗಿಲ ಬಳಿ ಇಟ್ಟು ಮಲಗಿದಳು. ಕೊಳವೆಗಳು ಟಿಕ್ ಟಿಕ್ ಎಂದು ತಮ್ಮಷ್ಟಕ್ಕೆ ಮಾತಾಡಿಕೊಳ್ಳುತ್ತಿದ್ದವು.

ಮೋಟಾರು ಹಾಕುವ ಹೊತ್ತಿಗೆ ಮೈ ಎದ್ದಿತು. ಕೈ ತಾನಾಗಿಯೇ ಹೊದಿಕೆ ಎಳೆದು, ಮೂಲೆ ಸಿಕ್ಕಿಸಿ, ದಿಂಬು ತಟ್ಟಿ ಇಟ್ಟಿತು. ಆಮೇಲಷ್ಟೇ ಅವಳಿಗೆ ಸ್ವಚ್ಛಮಾಡುವಾಕೆಯ ಮಾತು ನೆನಪಾಯಿತು. ಸುಕ್ಕಿಲ್ಲದ ಹಾಸಿಗೆಯನ್ನು ನೋಡುತ್ತಾ ನಿಂತಳು. ಕೋಟು ತೊಟ್ಟಳು. ಚೀಲ ಕೈಗೆತ್ತಿಕೊಂಡಳು. ಮಂಡಿನೋವು ನಿಜವೇ ಇರಬಹುದು. ನೋವಿಗೆ ಎಣ್ಣೆ ಬೇಕು, ಎಣ್ಣೆಗೆ ಕೈ ಬೇಕು, ಆ ಮನೆಯಲ್ಲಿ ಕೈಗಳಿಗೇನು ಬರವೇ? ಗಂಡನ ಕೈಗಳು ಅವಳ ಕಣ್ಣ ಮುಂದೆ ಬಂದವು: ಅಂಗಡಿಯಲ್ಲಿ ನೆಲಕ್ಕೆ ಕೂತು, ಪರಿಚಯವಿಲ್ಲದವರ ಪಾದವನ್ನು ಅಂಗೈಯಲ್ಲಿ ಹಿಡಿದು, ಎಷ್ಟು ಜತನದಿಂದ ಚಪ್ಪಲಿ ತೊಡಿಸುವ ಕೈಗಳು.

ಚೀಲ ಕೆಳಗಿಟ್ಟು ಫೋನು ತೆಗೆದಳು. ಅತ್ತ ಗಂಟೆ ಬಹಳ ಹೊತ್ತು ಬಡಿಯಿತು.

"ಯಾರು? ಏನಾಯ್ತು?" ಗಂಡನ ದನಿ ಹಾಸಿಗೆಯೊಳಗಿನಿಂದ ಬಂತು.

"ಎದ್ರಾ?" ಅಂದಳು ಅತ್ತಿಗೆ.

"ಇಷ್ಟೊತ್ತಿಗೆ ಯಾಕೆ..."

"ಮೋಟಾರು ಹಾಕೋ ಹೊತ್ತು. ಆಮೇಲೆ ಎಣ್ಣೆ ಬಿಸಿ ಮಾಡಿ. ತುಂಬಾ ಕಾಯಿಸಬೇಡಿ, ಬೆರಳು ತಡೆಯೋಷ್ಟು ಸಾಕು. ಮೇಲಿಂದ ಕೆಳಕ್ಕೆ ನೀವಬೇಕು. ಟಿಕೆಟ್ ವಾಪಸ್ ಮಾಡಿಸಿ. ತರಬೇತಿ ಮುಗಿದ ಮೇಲೆ ಅವಳ ಜೊತೆಗೇ ಬರ್ತೀನಿ."

"ಅವಳು ಇರು ಅಂದ್ಳಾ?"

"ಇಲ್ಲ. ನಾನು ಇರ್ತೀನಿ ಅಂದೆ."

ಗಂಡ ಏನೋ ಹೇಳುತ್ತಿದ್ದ. ಅವಳು ಕೊನೆಯವರೆಗೂ ಕೇಳಿಸಿಕೊಂಡಳು. "ಸರಿ, ಮಲಗ್ತೀನಿ" ಅಂದು ಫೋನು ಆರಿಸಿದಳು.

ಬಾಗಿಲು ತೆರೆದಳು. ಉದ್ದದ ಓಣಿಯಂಥ ಹಾದಿಯಲ್ಲಿ ಯಾರೂ ಇರಲಿಲ್ಲ, ಎಲ್ಲ ಹಿಡಿಕೆಗಳೂ ಖಾಲಿ. ಕೆಂಪು ಕಾರ್ಡನ್ನು ಹೊರಗಡೆ ಸಿಕ್ಕಿಸಿ, ಅದು ಅಲುಗಾಡುವುದು ನಿಲ್ಲುವವರೆಗೂ ನೋಡಿ, ಒಳಗೆ ಬಂದು ಚಿಲಕ ಹಾಕಿದಳು. ಕೋಟು ಕುರ್ಚಿಯ ಮೇಲೆ ಬಿತ್ತು, ತೋಳೊಂದು ನೆಲಕ್ಕೆ ಜೋತಾಡಿತು. ಹಾಗೇ ಬಿಟ್ಟಳು. ತಾನೇ ಸಿಕ್ಕಿಸಿದ ಹೊದಿಕೆಯ ಮೂರು ಅಂಚನ್ನೂ ಒಂದೊಂದಾಗಿ ಕಿತ್ತು, ಹಾಸಿಗೆಯ ನಡುಮಧ್ಯೆ ಕೈಕಾಲು ಚಾಚಿ ಮಲಗಿದಳು.

ಕಿಟಕಿಯಾಚೆ ಇನ್ನೂ ದಟ್ಟ ಕತ್ತಲೆ. ಬರುವವನು ಬಂದು ಎಬ್ಬಿಸಲಿ ಎಂದುಕೊಂಡು ಅತ್ತಿಗೆ ಕಣ್ಣು ಮುಚ್ಚಿದಳು.