ಇನ್ನೊಂದೇ ಮೆಟ್ಟಿಲು

ಬ್ಯಾಟರಾಯನಪುರದ ಸ್ಕೈವಾಕ್ ಇಳಿಯುತ್ತಿದ್ದವನು ಕೊನೆಯಲ್ಲಿ ಕಂಬಿ ಹಿಡಿದು ನಿಂತುಬಿಟ್ಟೆ. ಹೊಸ ಪ್ರೋಗ್ರೆಸಿವ್ ಕನ್ನಡಕದ ಕೆಳಭಾಗ ಇರುವುದು ಓದುವುದಕ್ಕೆ. ಅದರೊಳಗಿಂದ ನೋಡಿದರೆ ನೆಲ ಒಮ್ಮೆ ಹತ್ತಿರ ಬರುತ್ತಿತ್ತು, ಒಮ್ಮೆ ದೂರ ಜಾರುತ್ತಿತ್ತು.

"ಇನ್ನೊಂದೇ ಮೆಟ್ಲು ಸಾರ್, ಇಳೀರಿ," ಎಂದಳು ಕೆಳಗೆ ಹೂವು ಮಾರುತ್ತಿದ್ದಾಕೆ.

"ಅದಕ್ಕೆ ಪುರಾವೆ ಏನು?" ಎಂದೆ. ವಿಶ್ವವಿದ್ಯಾಲಯದಲ್ಲಿ ಅಂಟಿದ ಚಟ.

ಹೂವು ಕೊಳ್ಳುತ್ತಿದ್ದ ಹಿರಿಯರೊಬ್ಬರು ಥಟ್ಟನೆ ತಿರುಗಿದರು. "ಓ, ನೀವಾ ಸಾರ್. ಮರೆತ್ರಾ ನನ್ನ?"

ಈಚೆಗೆ ನನ್ನ ನೆನಪಿನ ಮೇಲೆ ನನಗೇ ಅನುಮಾನ. ಗಲ್ಲ ಎತ್ತಿದೆ, ಇಳಿಸಿದೆ. ಮುಖ ಸ್ಪಷ್ಟವಾಯಿತು, ಗುರುತು ಮಾತ್ರ ಸಿಗಲಿಲ್ಲ. ಹಾಗೆಂದು ಒಪ್ಪಿಕೊಂಡೆ.

"ಎಂಗ್ ಸಿಗ್ತದೆ? ಮೊನ್ನೆ ಕಣ್ಣಾಸ್ಪತ್ರೇಲಿ ಡ್ರಾಪ್ಸ್ ಆಕ್ಸ್ಕೊಂಡು ಇಬ್ರೂ ಕಣ್ಮುಚ್ಕೊಂಡೇ ಮಾತಾಡಿದ್ವಲ್ಲ. ಇನ್ ಐದೇ ನಿಮಿಷ ಅಂದ ನರ್ಸಮ್ಮಂಗೂ ಇಂಗೇ ಪುರಾವೆ ಕೇಳಿದ್ರಿ."

ನೆನಪಿಗೇನೂ ಆಗಿಲ್ಲವೆಂದು ಹಗುರಾಗಿ ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವರ ಹೆಸರೇನೆಂದು ಕೇಳಿದಳು. ಅವರು ಹೇಳಿದ್ದರೋ ಇಲ್ಲವೋ, ಅದಕ್ಕೆ ನನ್ನ ಬಳಿ ಪುರಾವೆ ಇಲ್ಲ.