ಗ್ಲೌಗೆ ಹಚ್ಚಿದ ಕುಂಕುಮ

ಇವತ್ತು ಬೆಳಿಗ್ಗೆ ಗ್ಲೆನ್ ವೇವರ್ಲಿಯ ನಮ್ಮ ಮನೆಯಲ್ಲಿ ಅಮ್ಮ ಗಂಧ ತೇಯುತ್ತಿದ್ದಳು. ಆಯುಧಪೂಜೆ. ಗಂಧದ ವಾಸನೆ ಬಂದರೆ ಎಲ್ಲರಿಗೂ ದೇವರು ನೆನಪಾಗುತ್ತಾನೆ, ನನಗೆ ಸಿಡ್ನಿಯ ಒಬ್ಬ ಅಂಪೈರ್ ನೆನಪಾಗುತ್ತಾನೆ. ನಗಬೇಡಿ, ಹೇಳುತ್ತೇನೆ.

ಒಂದು ಕಾಲಕ್ಕೆ ನಾನು ಬೇಸ್‌ಬಾಲ್ ಪಿಚರ್ ಆಗಿದ್ದೆ. ಬ್ಯಾಟ್ ಹಿಡಿದವನತ್ತ ಚೆಂಡೆಸೆಯುವುದೇ ಹೊಟ್ಟೆಪಾಡು. ಮೈಸೂರಿನವನಿಗೆ ಇದೆಲ್ಲಿಯ ಆಟ ಎನ್ನುತ್ತೀರಿ. ಚಿಕ್ಕಂದಿನಲ್ಲೇ ಈ ದೇಶಕ್ಕೆ ಬಂದು, ಇಲ್ಲಿನ ಶಾಲೆಯಲ್ಲಿ ಕ್ರಿಕೆಟ್ ಆಡುವಾಗ ಮೊಣಕೈ ಬಗ್ಗುತ್ತದೆಂದು ನನ್ನ ಎಸೆತವೆಲ್ಲ ನೋಬಾಲ್ ಆಗುತ್ತಿತ್ತು. ಮೇಷ್ಟ್ರು ರೋಸಿಹೋಗಿ ಪಕ್ಕದ ಬೇಸ್‌ಬಾಲ್ ಮೈದಾನಕ್ಕೆ ಅಟ್ಟಿದರು. ಅಲ್ಲಿ ಮೊಣಕೈ ಬಗ್ಗಿದರೇ ಮರ್ಯಾದೆ. ಕನ್ನಡದವರು ಸೇರಿದ ಕಡೆ ಯಾರಾದರೂ ಕೇಳಿದರೆ ಅಮ್ಮ ಮಾತ್ರ "ಬೌಲರ್ ಕಣ್ರೀ" ಎಂದು ಮುಗಿಸಿಬಿಡುತ್ತಿದ್ದಳು.

ಮುಂದೆ ಅಮೆರಿಕದ ಕ್ಲಬ್ಬೊಂದು ಕರೆಸಿಕೊಂಡಿತು. ಅದರ ಕೆಳದರ್ಜೆಯ ತಂಡಗಳಲ್ಲಿ ಬಸ್ಸಿನಲ್ಲೇ ನಿದ್ದೆ ಮಾಡುತ್ತ ಊರೂರು ಸುತ್ತಿ, ಭುಜ ಕೆಡಿಸಿಕೊಂಡು ವಾಪಸಾದೆ. ಭುಜ ವಾಸಿಯಾಯಿತು, ಅವರು ಮತ್ತೆ ಕರೆಯಲಿಲ್ಲ. ಎರಡು ಸಾವಿರದ ಐದರ ಸುಮಾರಿಗೆ ಜಪಾನಿನ ಕ್ಲಬ್ಬಿನವನೊಬ್ಬ ಸಿಡ್ನಿಯಲ್ಲಿ ನನ್ನ ಆಟ ನೋಡಿ ತೀರ್ಮಾನಿಸುತ್ತೇನೆಂದ. ಅದೂ ತಪ್ಪಿದರೆ ನನ್ನ ಆಟ ಮುಗಿದ ಹಾಗೆಯೇ. ಆ ಪಂದ್ಯ ಬಿದ್ದದ್ದು ಆಯುಧಪೂಜೆಯ ಮಾರನೆಯ ದಿನ.

ಅನ್ನ ಕೊಡುವ ವಸ್ತುವಿಗೆಲ್ಲ ಅವತ್ತು ಗಂಧ ಕುಂಕುಮ ಆಗಲೇಬೇಕಲ್ಲ. ಅಪ್ಪನ ಕಾರು, ಅಮ್ಮನ ಮಿಕ್ಸಿ, ನನ್ನ ಎಡಗೈಯ ಚರ್ಮದ ಗ್ಲೌ. ಮೇಲೆ ಹಚ್ಚಿದರೆ ನಾನು ಒರೆಸಿಬಿಡುತ್ತೇನೆಂದು ಅಮ್ಮನಿಗೆ ಗೊತ್ತು. ಅದಕ್ಕೇ ಚೆಂಡು ಕೂರುವ ಒಳಗಿನ ಮಡಿಕೆಯಲ್ಲಿ ಮೆತ್ತಿದ್ದಳು, ನನಗೆ ಹೇಳಿರಲಿಲ್ಲ.

ಸಿಡ್ನಿಯಲ್ಲಿ ಅವಳು ಗುರುತಿನ ಕನ್ನಡ ಕುಟುಂಬಗಳನ್ನೆಲ್ಲ ಕೂಡಿಸಿಕೊಂಡು, ಚಿತ್ರಾನ್ನದ ಡಬ್ಬಿ ಸಮೇತ ಮುಂದಿನ ಸಾಲಿನಲ್ಲೇ ಕೂತಿದ್ದಳು. ನಾನು ಚೆನ್ನಾಗಿಯೇ ಎಸೆಯುತ್ತಿದ್ದೆ, ಜಂಬವಲ್ಲ. ಅಷ್ಟರಲ್ಲಿ ಎದುರು ತಂಡದ ಕೋಚ್ ಚೆಂಡನ್ನು ಅಂಪೈರ್‌ಗೆ ತೋರಿಸಿದ. ಬಿಳಿ ಚೆಂಡಿನ ಮೇಲೆ ಕೆಂಪು ಕಲೆ. ಚೆಂಡಿಗೆ ಏನಾದರೂ ಸವರಿದರೆ ಅದು ಎರ್ರಾಬಿರ್ರಿ ತಿರುಗುತ್ತದೆ. ಪಿಚರ್ ಮಾಡುವ ಮೋಸಗಳಲ್ಲಿ ಅದು ತೀರಾ ಹೀನಾಯವಾದದ್ದು. ಅಂಪೈರ್ ನನ್ನ ಗ್ಲೌ ಬಿಡಿಸಿ, ಒಳಗೆ ಬೆರಳಾಡಿಸಿ, ಮೂಸಿ ನೋಡಿದ.

"ಏನಿದು?"

ನಮ್ಮಮ್ಮ ಪೂಜೆ ಮಾಡಿದ್ದು ಎನ್ನಬಹುದಿತ್ತು. ಆ ದಾಂಡಿಗರ ನಡುವೆ ಇಷ್ಟು ದೊಡ್ಡ ಗಂಡಸಾದ ನಾನು ನಿಂತುಕೊಂಡು ಅಮ್ಮ, ಕುಂಕುಮ ಎನ್ನುವುದೇ? ನಾಚಿಕೆಯಾಯಿತು. ಅಮ್ಮನ ಬಗ್ಗೆಯೇ ನಾಚಿಕೆಯಾಯಿತು. "ನನ್ನದೇ" ಎಂದೆ. ಹೊರಗೆ ಕಳಿಸಿದರು. ಜನ ಮೋಸಗಾರ ಎಂದು ಕೂಗುತ್ತಿರುವಾಗ ತಲೆ ತಗ್ಗಿಸಿ ಅವಳ ಮುಂದೆಯೇ ನಡೆದುಹೋದೆ. ಜಪಾನಿನವನು ನನ್ನನ್ನು ಮಾತಾಡಿಸದೆ ಹೊರಟುಹೋದ.

ಪಂದ್ಯ ಮುಗಿದ ಮೇಲೆ, ಅಮ್ಮ ಕೇಳುವ ಮುಂಚೆಯೇ "ಭುಜ ಮತ್ತೆ ಹೋಯ್ತಮ್ಮ" ಎಂದೆ.

"ಹೋಗ್ಲಿ ಬಿಡು, ಊಟ ಮಾಡು" ಎಂದಳು. ಅವಳಿಗೆ ಆಟ ಎಲ್ಲಿ ಅರ್ಥವಾಗುತ್ತದೆ, ನಂಬಿದಳು ಅಂದುಕೊಂಡೆ.

ಈಗ ನಾನು ಇಲ್ಲೇ ಊರಂಚಿನ ಟ್ರುಗನಿನಾದಲ್ಲಿರುವ ಒಂದು ವೇರ್‌ಹೌಸಿನ ಮ್ಯಾನೇಜರು. ಬೆಳಿಗ್ಗೆ ಅಮ್ಮ ಕಾರಿಗೆ, ಮಿಕ್ಸಿಗೆ ಕುಂಕುಮವಿಟ್ಟು, ನನ್ನ ಲ್ಯಾಪ್‌ಟಾಪ್ ಪಕ್ಕ ಬರೀ ಒಂದು ಹೂವಿಟ್ಟು ದಾಟಿಹೋದಳು. ಎಷ್ಟೋ ವರ್ಷಗಳಿಂದ ಹೀಗೆಯೇ. ಇವತ್ತು ಯಾಕೋ ಕೇಳಿಬಿಟ್ಟೆ.

"ನನ್ನದಕ್ಕೆ ಕುಂಕುಮ ಇಲ್ವೇನಮ್ಮ?"

"ಬೇಡ ಕಣೋ. ಒಂದ್ಸಲ ಇಟ್ಟು ನಿನ್ನ ಅನ್ನ ಕಿತ್ಕೊಂಡಿದ್ದು ಸಾಕು."

"ಭುಜ ಹೋಗಿತ್ತಲ್ಲಮ್ಮ."

"ಆಯಪ್ಪ ಗ್ಲೌ ಮೂಸಿ ನೋಡಿದ್ದು ನನಗೂ ಕಾಣಿಸ್ತು." ಅಮ್ಮ ಬಟ್ಟಲು ಕೆಳಗಿಟ್ಟಳು. "ಅಷ್ಟು ಜನರ ಮುಂದೆ ನನ್ನ ಹೆಸರು ಹೇಳದೆ ಮರ್ಯಾದೆ ಉಳಿಸ್ದೆ. ಯಾವ ಮಗ ಮಾಡ್ತಾನೆ ಹೇಳು?"

ಅಲ್ಲಮ್ಮ, ನಿನ್ನ ಹೆಸರು ಹೇಳಲು ನನಗೆ ನಾಚಿಕೆಯಾಗಿತ್ತು ಎನ್ನಬೇಕಿತ್ತು. ಅವಳ ಮುಖ ನೋಡಿದೆ. ಬಟ್ಟಲನ್ನೆತ್ತಿ ಅವಳ ಕೈಗೆ ಕೊಟ್ಟೆ.

"ಇಡಮ್ಮ, ಆಫೀಸಲ್ಲಿ ಎಲ್ಲರಿಗೂ ಕಾಣೋ ಹಾಗೆ ಇಡು."